ದೇಶ ಬಿಟ್ಟವರನ್ನು ಕೇಳಬೇಕಾದ ಮಾತು

ತನ್ನ ದೇಶದ ಮೇಲೆ ಒಮ್ಮೆಯೂ ಬೇಸರಗೊಳ್ಳದ ಮನುಷ್ಯನು ದೇಶಾಭಿಮಾನಿಯೆಂದು ತಿಳಿಯಲಾಗದು; ಅವನು ದೇಶದ ವಿಚಾರವನ್ನೇ ಮಾಡಿದವನಲ್ಲ. ತೆರಿಗೆಯನ್ನು ಸಲ್ಲಿಸಿಯೂ ರಸ್ತೆಯ ಕುಳಿಯಲ್ಲಿ ಬಿದ್ದು ಏಳುವವನಿಗೆ, ಒಂದು ಅರ್ಜಿಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನಿಗೆ, ಮಗನ ವಿದ್ಯೆಗೆ ತಕ್ಕ ಉದ್ಯೋಗವು ದೊರೆಯದೆ ನೊಂದವನಿಗೆ, ‘ಈ ದೇಶದಲ್ಲಿದ್ದು ಫಲವೇನು?’ ಎಂಬ ಮಾತು ಬಾಯಿಗೆ ಬಂದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ಈಗೀಗ ಆ ಮಾತು ಅಲ್ಲಿಗೇ ನಿಲ್ಲುತ್ತಿಲ್ಲ. ‘ಹಾಗಾದರೆ ಎಲ್ಲಿಗೆ ಹೋಗೋಣ?’ ಎಂಬ ಎರಡನೆಯ ಪ್ರಶ್ನೆಯು ಅದರ ಬೆನ್ನಿಗೇ ಬರುತ್ತಿದೆ. ಹಿಂದೆ ಕಾಶಿ ರಾಮೇಶ್ವರಗಳ ಯಾತ್ರೆಯ ಸುದ್ದಿ ನಡೆಯುತ್ತಿದ್ದ ಜಗುಲಿಗಳಲ್ಲಿ ಇಂದು ಕೆನಡಾ ಒಳ್ಳೆಯದೋ ಆಸ್ಟ್ರೇಲಿಯಾ ಒಳ್ಳೆಯದೋ, ಜರ್ಮನಿಯ ಭಾಷೆ ಕಲಿಯಲು ಎಷ್ಟು ದಿನ ಬೇಕು, ಅಮೆರಿಕದ ವೀಸಾ ಯಾವಾಗ ಸಿಕ್ಕೀತು ಎಂಬ ಚರ್ಚೆಯು ನಡೆಯುತ್ತದೆ. ಇದು ಕೇವಲ ಹರಟೆಯೆಂದು ತಳ್ಳಿಹಾಕುವ ಕಾಲವು ಕಳೆದುಹೋಯಿತು.

ಪಾರ್ಲಿಮೆಂಟಿನಲ್ಲಿ ಭಾರತ ಸರಕಾರವು ಮುಂದಿಟ್ಟ ಲೆಕ್ಕವನ್ನು ನೋಡಬೇಕು. ೨೦೧೧ರಲ್ಲಿ ಭಾರತದ ಪೌರತ್ವವನ್ನು ತ್ಯಜಿಸಿದವರು ೧,೨೨,೮೧೯ ಮಂದಿ. ೨೦೨೨ರಲ್ಲಿ ಆ ಸಂಖ್ಯೆಯು ೨,೨೫,೬೨೦ಕ್ಕೆ ಏರಿತು. ೨೦೨೩ರಲ್ಲಿ ೨,೧೬,೨೧೯, ೨೦೨೪ರಲ್ಲಿ ೨,೦೬,೩೭೮. ೨೦೧೧ರಿಂದ ೨೦೨೨ರವರೆಗಿನ ಹನ್ನೆರಡು ವರ್ಷಗಳ ಮೊತ್ತವು ೧೬ ಲಕ್ಷವನ್ನು ಮೀರಿದೆ. ನೂರ ನಲವತ್ತು ಕೋಟಿ ಜನರಿರುವ ರಾಷ್ಟ್ರದಲ್ಲಿ ಇದು ಸಾಸಿವೆಯಷ್ಟೇ ಎಂದು ಯಾರಾದರೂ ಹೇಳಬಹುದು. ಆ ಮಾತು ಗಣಿತಕ್ಕೆ ಸರಿ. ಆದರೆ ಇವರಲ್ಲಿ ಬಹುಮಂದಿ ನಮ್ಮ ಶಾಲೆ ಕಾಲೇಜುಗಳಲ್ಲಿ ಓದಿ, ನಮ್ಮ ಬೊಕ್ಕಸದ ಹಣದಿಂದ ವಿದ್ಯಾವಂತರಾಗಿ, ದುಡಿಯುವ ವಯಸ್ಸಿನಲ್ಲಿ ಹೊರಟವರು. ಊರಿನ ಕಣಜದಿಂದ ಹೋದ ಕಾಳು ಎಷ್ಟೆಂಬುದನ್ನು ಮಾತ್ರ ಎಣಿಸಿದರೆ ಸಾಲದು. ಅದು ಬಿತ್ತನೆಯ ಕಾಳಾಗಿತ್ತೆ ಎಂಬುದನ್ನೂ ನೋಡಬೇಕು.

ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಕಾನೂನಿನಲ್ಲಿ ಇಬ್ಬಗೆಯ ಪೌರತ್ವಕ್ಕೆ ಎಡೆಯಿಲ್ಲ. ೧೯೫೫ರ ಪೌರತ್ವ ಕಾಯಿದೆಯ ೯ನೆಯ ಕಲಮಿನಂತೆ, ಬೇರೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವನು ಆ ಗಳಿಗೆಯಿಂದಲೇ ಭಾರತದ ಪೌರನಾಗಿ ಉಳಿಯುವುದಿಲ್ಲ. ಆದುದರಿಂದ ಈ ಲಕ್ಷಾಂತರ ಜನರೆಲ್ಲರೂ ತಾಯಿಯನ್ನು ತೊರೆದವರೆಂದು ಭಾವಿಸಲಾಗದು. ಇಪ್ಪತ್ತು ವರ್ಷ ದುಡಿದ ನಾಡಿನಲ್ಲಿ ಮತದ ಹಕ್ಕು ಬೇಕೆಂದೋ, ಮಕ್ಕಳ ಭವಿಷ್ಯವು ವೀಸಾದ ಅವಧಿಗೆ ತೂಗುಬೀಳಬಾರದೆಂದೋ, ಕಣ್ಣೀರು ತಂದುಕೊಂಡೇ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದವರೂ ಅವರಲ್ಲಿ ಇದ್ದಾರೆ. ಸಾಗರೋತ್ತರ ಭಾರತೀಯ ಪೌರರೆಂಬ ಚೀಟಿಯನ್ನು ಅವರು ಪಡೆಯಬಹುದು. ಅದರಿಂದ ಬಂದುಹೋಗುವ ಸೌಕರ್ಯವುಂಟು, ಮತ ಹಾಕುವ ಅಧಿಕಾರವಿಲ್ಲ, ವ್ಯವಸಾಯದ ಭೂಮಿಯನ್ನು ಕೊಳ್ಳುವ ಅಧಿಕಾರವೂ ಇಲ್ಲ.

ಹಾಗಾದರೆ ಇವರು ಹೋದುದೇಕೆ? ಈ ಪ್ರಶ್ನೆಗೆ ವಿದೇಶಾಂಗ ಖಾತೆಯು ಪಾರ್ಲಿಮೆಂಟಿನಲ್ಲಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟೇ: ಕಾರಣಗಳು ವೈಯಕ್ತಿಕವಾದವು, ಅವು ಆಯಾ ವ್ಯಕ್ತಿಗಳಿಗೇ ಗೊತ್ತು. ಕಾನೂನಿನ ದೃಷ್ಟಿಯಿಂದ ಇದು ದೋಷವಿಲ್ಲದ ಉತ್ತರ. ರಾಷ್ಟ್ರದ ದೃಷ್ಟಿಯಿಂದ ಇದು ಉತ್ತರವೇ ಅಲ್ಲ. ಮನೆಯ ಮಗನು ಬೇರೆ ಮನೆ ಮಾಡಿದರೆ, ‘ಕಾರಣವು ಅವನಿಗೇ ಗೊತ್ತು’ ಎಂದು ಸುಮ್ಮನಾಗುವ ಯಜಮಾನನನ್ನು ಊರಿನವರು ವಿವೇಕಿಯೆಂದು ಕರೆಯುವುದಿಲ್ಲ.

ಬೈಗುಳವೂ ಹೊಗಳಿಕೆಯೂ

ದೇಶ ಬಿಟ್ಟವರ ವಿಷಯದಲ್ಲಿ ನಮ್ಮಲ್ಲಿ ಎರಡೇ ಬಗೆಯ ಮಾತು ರೂಢಿಯಾಗಿದೆ. ಒಂದು ಬೈಗುಳ: ಅನ್ನ ಕೊಟ್ಟ ನಾಡಿಗೆ ದ್ರೋಹ ಬಗೆದವರು, ಡಾಲರಿಗೆ ಮಾರಿಕೊಂಡವರು ಎಂಬುದು. ಇನ್ನೊಂದು ಹೊಗಳಿಕೆ: ಅವರು ನಮ್ಮ ಕೀರ್ತಿಪತಾಕೆಯನ್ನು ಹೊರದೇಶಗಳಲ್ಲಿ ಹಾರಿಸಿದವರು, ನಮಗೆ ಹಣ ಕಳಿಸುವವರು ಎಂಬುದು. ವಿಶ್ವಬ್ಯಾಂಕಿನ ಅಂದಾಜಿನಂತೆ ೨೦೨೪ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣವು ೧೨,೯೦೦ ಕೋಟಿ ಡಾಲರುಗಳಷ್ಟಿತ್ತು. ಇಷ್ಟು ಹಣವು ಬೇರಾವ ದೇಶಕ್ಕೂ ಬಂದಿರಲಿಲ್ಲ. ವಿಚಿತ್ರವೆಂದರೆ, ಒಂದೇ ಬಾಯಿಯು ಬೆಳಿಗ್ಗೆ ಬೈದು ಸಂಜೆ ಹೊಗಳುವುದನ್ನು ನಾವು ಕಾಣುತ್ತೇವೆ. ನೆರೆಮನೆಯ ಹುಡುಗ ಹೋದರೆ ದ್ರೋಹ; ತಮ್ಮ ಮನೆಯ ಹುಡುಗ ಹೋದರೆ ಅಭ್ಯುದಯ! ಈ ಎರಡು ಮಾತುಗಳಲ್ಲಿಯೂ ಒಂದು ಸಮಾನ ದೋಷವಿದೆ. ಬೈಯುವವನೂ ಕಾರಣವನ್ನು ಕೇಳುವುದಿಲ್ಲ, ಹೊಗಳುವವನೂ ಕೇಳುವುದಿಲ್ಲ. ಕೇಳಿದರೆ ಉತ್ತರವು ತಮ್ಮ ಮೇಲೆಯೇ ಬಂದೀತೆಂಬ ಭಯವು ಇಬ್ಬರಿಗೂ ಇದ್ದೀತು.

ಹೋಗುವ ಹಕ್ಕು ಪ್ರಜೆಗೆ ಉಂಟು. ೧೯೬೭ರಲ್ಲಿ ನಮ್ಮ ಸುಪ್ರೀಂ ಕೋರ್ಟು ವಿದೇಶಯಾತ್ರೆಯ ಸ್ವಾತಂತ್ರ್ಯವು ಸಂವಿಧಾನದ ೨೧ನೆಯ ವಿಧಿಯೊಳಗೆ ಸೇರಿದುದೆಂದು ತೀರ್ಪಿತ್ತಿತು. ೧೯೭೮ರಲ್ಲಿ ಅದನ್ನೇ ಇನ್ನಷ್ಟು ಬಲಪಡಿಸಿತು. ಈ ಹಕ್ಕು ಸುಲಭವಾಗಿ ಬಂದುದಲ್ಲ ಎಂಬುದನ್ನು ಹಿಂದಿನ ಚರಿತ್ರೆಯು ತಿಳಿಸುತ್ತದೆ. ೧೮೩೪ರಿಂದ ೧೯೧೭ರವರೆಗೆ ಮಾರಿಷಸ್, ಗಯಾನಾ, ಟ್ರಿನಿಡಾಡ್, ನೇಟಾಲ್, ಫಿಜಿ ಮೊದಲಾದ ಕಡೆಗಳ ಕಬ್ಬಿನ ತೋಟಗಳಿಗೆ ಹತ್ತು ಲಕ್ಷಕ್ಕೂ ಮೀರಿದ ಭಾರತೀಯರು ಕರಾರಿನ ಕೂಲಿಗಳಾಗಿ ಹಡಗು ಹತ್ತಿದರು. ಅವರ ಹಿಂದೆ ತಮ್ಮದೆನ್ನುವ ಸರಕಾರವಿರಲಿಲ್ಲ. ಗೋಖಲೆಯವರು ೧೯೧೦ರಲ್ಲಿಯೂ ೧೯೧೨ರಲ್ಲಿಯೂ ಶಾಸನಸಭೆಯಲ್ಲಿ ಈ ಪದ್ಧತಿಯ ವಿರುದ್ಧ ಠರಾವು ತಂದರು; ೧೯೧೬ರಲ್ಲಿ ಮಾಳವೀಯರು ಅದನ್ನು ಮುಂದುವರಿಸಿದರು. ೧೯೧೪ರಲ್ಲಿ ಕೆನಡಾದ ವ್ಯಾಂಕೂವರಿಗೆ ೩೭೬ ಜನರನ್ನು ಹೊತ್ತು ಹೋದ ಕೊಮಗಾಟ ಮಾರು ಹಡಗನ್ನು ಅಲ್ಲಿಯ ಸರಕಾರವು ಹಿಂದಟ್ಟಿತು. ಮರಳಿ ಬಂದವರ ಮೇಲೆ ಬಜ್‌ಬಜ್‌ನಲ್ಲಿ ನಮ್ಮನ್ನಾಳುತ್ತಿದ್ದ ಸರಕಾರವೇ ಗುಂಡು ಹಾರಿಸಿತು. ಹೋಗುವವನ ಮಾನವು ಅವನು ಬಿಟ್ಟುಬಂದ ದೇಶದ ಮಾನದಿಂದಲೇ ತೂಗಲ್ಪಡುತ್ತದೆ ಎಂಬ ಪಾಠವನ್ನು ನಮ್ಮ ಹಿರಿಯರು ಅಂದು ಕಲಿತರು. ಸ್ವರಾಜ್ಯದ ಹೋರಾಟಕ್ಕೆ ದೊರೆತ ಬಲದಲ್ಲಿ ಒಂದು ಪಾಲು ಆ ಅವಮಾನದಿಂದಲೇ ಬಂದುದು.

ಇಂದು ಕರಾರಿನ ಕೂಲಿಯಿಲ್ಲ, ನಮ್ಮದೇ ಸರಕಾರವಿದೆ. ಆದರೂ ಜನರು ಹೋಗುತ್ತಾರೆ. ಹೀಗಿರಲು, ನಮ್ಮಂತೆಯೇ ಒಮ್ಮೆ ಜನರನ್ನು ಕಳೆದುಕೊಂಡ ಬೇರೊಂದು ದೇಶವು ಆಗ ಏನು ಮಾಡಿತು ಎಂಬುದನ್ನು ವಿಚಾರಿಸುವುದು ನಮಗೆ ಪ್ರಯೋಜನಕರವಾಗಿದೆ. ಆ ದೇಶವು ಸ್ವೀಡನ್.

ಸ್ವೀಡನ್ನಿನ ಕಥೆ

ಇಂದು ಸ್ವೀಡನ್ ಎಂದೊಡನೆ ಸುಖ, ಸಮೃದ್ಧಿ, ಸುವ್ಯವಸ್ಥೆಗಳ ಚಿತ್ರವು ನಮ್ಮ ಕಣ್ಣಮುಂದೆ ಬರುತ್ತದೆ. ಬೆಂಗಳೂರಿನ ಯಂತ್ರಜ್ಞರು ಸ್ಟಾಕ್‌ಹೋಮ್ ಗೋಥೆನ್‌ಬರ್ಗುಗಳಿಗೆ ಹೋಗಿ ನೆಲೆಸಿದ್ದಾರೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಅದು ಜನರು ಬಿಟ್ಟು ಓಡುತ್ತಿದ್ದ ನಾಡಾಗಿತ್ತು. ಸುಮಾರು ೧೮೫೦ರಿಂದ ೧೯೩೦ರವರೆಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವೀಡನ್ನಿಗರು ಅಮೆರಿಕಕ್ಕೆ ಹೋದರು. ೧೯೦೦ರಲ್ಲಿ ಆ ದೇಶದ ಒಟ್ಟು ಜನಸಂಖ್ಯೆಯೇ ಐವತ್ತೊಂದು ಲಕ್ಷದಷ್ಟು ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರವು ತಿಳಿದೀತು. ಷಿಕಾಗೋ ಪಟ್ಟಣದಲ್ಲಿ ಎಷ್ಟು ಸ್ವೀಡನ್ನಿಗರು ತುಂಬಿದರೆಂದರೆ, ಸ್ಟಾಕ್‌ಹೋಮಿನ ತರುವಾಯ ಅದೇ ಅವರ ಎರಡನೆಯ ದೊಡ್ಡ ಪಟ್ಟಣವೆಂಬ ಮಾತು ಹುಟ್ಟಿತು.

ಅವರೇಕೆ ಹೋದರು? ಮೊದಲನೆಯದು ಹೊಟ್ಟೆಯ ಪ್ರಶ್ನೆ. ೧೭೫೦ರಿಂದ ೧೮೫೦ರೊಳಗೆ ಅಲ್ಲಿಯ ಜನಸಂಖ್ಯೆಯು ಸುಮಾರು ಇಮ್ಮಡಿಯಾಯಿತು, ಭೂಮಿಯು ಇಮ್ಮಡಿಯಾಗಲಿಲ್ಲ. ತಂದೆಯ ಹೊಲವನ್ನು ಮಕ್ಕಳು ಹಂಚಿಕೊಂಡು, ಅದನ್ನು ಮೊಮ್ಮಕ್ಕಳು ಹಂಚಿಕೊಂಡು, ಕೊನೆಗೆ ಒಂದು ಕುಟುಂಬಕ್ಕೆ ಸಾಲದಷ್ಟು ತುಣುಕುಗಳಾದವು. ದಕ್ಷಿಣದ ಸ್ಮೋಲಾಂಡ್ ಪ್ರಾಂತವು ಕಲ್ಲುನೆಲಕ್ಕೆ ಹೆಸರಾದುದು. ಅಲ್ಲಿಂದಲೇ ಬಹುಜನ ಹೊರಟರು. ೧೮೬೭ರಲ್ಲಿ ಚಳಿಯಿಂದಲೂ ೧೮೬೮ರಲ್ಲಿ ಮಳೆಯಿಲ್ಲದುದರಿಂದಲೂ ಬೆಳೆ ನಾಶವಾಗಿ ಕ್ಷಾಮವು ತಲೆದೋರಿತು. ಇದಾದ ಹತ್ತು ವರ್ಷಗಳೊಳಗೆ ನಮ್ಮ ಮೈಸೂರು ಸಂಸ್ಥಾನಕ್ಕೂ ೧೮೭೬-೭೮ರ ಮಹಾಕ್ಷಾಮವು ಎರಗಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಸ್ವೀಡನ್ನಿನ ರೈತನಿಗೆ ಗೋಥೆನ್‌ಬರ್ಗಿನಿಂದ ಇಂಗ್ಲೆಂಡಿನ ಹಲ್ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲಿಗೆ, ಮುಂದೆ ಹಬೆಹಡಗಿನಲ್ಲಿ ನ್ಯೂಯಾರ್ಕಿಗೆ ಹೋಗುವ ದಾರಿಯಿತ್ತು. ಅಮೆರಿಕದ ಸರಕಾರವು ೧೮೬೨ರ ಕಾಯಿದೆಯಂತೆ ಸಾಗುವಳಿ ಮಾಡುವವನಿಗೆ ೧೬೦ ಎಕರೆ ಭೂಮಿಯನ್ನು ಕೊಡುತ್ತಿತ್ತು. ನಮ್ಮ ರೈತನಿಗೆ ಅಂಥ ದಾರಿಯೂ ಇರಲಿಲ್ಲ, ಭೂಮಿಯೂ ಕಾದಿರಲಿಲ್ಲ.

ದೊಡ್ಡ ಪ್ರವಾಹವಾಗಿ ಹರಿದ ಈ ವಲಸೆಯಿಂದ ಸ್ವೀಡನ್ನಿನ ದೊಡ್ಡವರು ಗಾಬರಿಗೊಂಡರು. ಕೂಲಿಯಾಳುಗಳು ಸಿಕ್ಕುವುದಿಲ್ಲವೆಂದು ಜಮೀನುದಾರರು ಕೂಗಿದರು. ಸಿಪಾಯಿಗಳು ಸಿಕ್ಕುವುದಿಲ್ಲವೆಂದು ಸೇನಾಧಿಕಾರಿಗಳು ಕೂಗಿದರು. ವಲಸೆಯನ್ನು ಕಾನೂನಿನಿಂದ ತಡೆಯಬೇಕೆಂಬ ವಾದವೂ ಎದ್ದಿತು. ೧೯೦೭ರಲ್ಲಿ ವಲಸೆಯ ವಿರುದ್ಧ ಒಂದು ರಾಷ್ಟ್ರೀಯ ಸಂಘವೇ ಸ್ಥಾಪಿತವಾಯಿತು. ಅದೇ ವರ್ಷ ಸರಕಾರವು ವಲಸೆಯ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿ, ಸಂಖ್ಯಾಶಾಸ್ತ್ರಜ್ಞರಾದ ಗುಸ್ತಾವ್ ಸುಂಡ್‌ಬೆರ್ಗ್ ಎಂಬವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಅವರ ಕೊನೆಯ ವರದಿಯು ಹೊರಬಂದುದು ೧೯೧೩ರಲ್ಲಿ; ಅದರ ಅನುಬಂಧಗಳೇ ಇಪ್ಪತ್ತು.

ಈ ಆಯೋಗವು ಮಾಡಿದ ಒಂದು ಕೆಲಸವು ನಮ್ಮ ವಿಶೇಷ ಗಮನಕ್ಕೆ ಯೋಗ್ಯವಾದುದು. ಅದು ಹೋದವರನ್ನೇ ಕೇಳಿತು. ‘ನೀವು ಏಕೆ ಹೋದಿರಿ? ಇಲ್ಲಿ ನಿಮಗೆ ಏನಾಗಿತ್ತು? ಅಲ್ಲಿ ಏನು ಕಂಡಿರಿ?’ ಎಂಬ ಅರ್ಥದ ಪ್ರಶ್ನೆಗಳು ಅಮೆರಿಕದಲ್ಲಿದ್ದ ಸ್ವೀಡನ್ನಿಗರನ್ನು ಮುಟ್ಟಿದವು. ಗಾಡಿಯವರು, ಮನೆಗೆಲಸದ ಹೆಂಗಸರು, ಗಣಿಯ ಕೆಲಸಗಾರರು, ಹೊಲ ಮಾಡಿಕೊಂಡವರು ಬರೆದ ನೂರಾರು ಪತ್ರಗಳು ಸಮುದ್ರದಾಚೆಯಿಂದ ಬಂದವು. ೧೯೦೮ರಲ್ಲಿ ಅವುಗಳನ್ನು ಸರಕಾರಿ ವರದಿಯ ಒಂದು ಸಂಪುಟವಾಗಿಯೇ ಅಚ್ಚು ಮಾಡಿದರು. ತನ್ನನ್ನು ದೂರುವ ಪತ್ರಗಳನ್ನು ತನ್ನ ಖರ್ಚಿನಿಂದಲೇ ಅಚ್ಚು ಮಾಡಿಸಿದ ಸರಕಾರವು ಇಂದಿಗೂ ಅಪೂರ್ವವೇ ಸರಿ.

ಬಂದ ಉತ್ತರಗಳು

ಆ ಪತ್ರಗಳಲ್ಲಿ ಬಡತನದ ಮಾತು ಇದ್ದೇ ಇತ್ತು. ಎಳೆಯ ವಯಸ್ಸಿನಲ್ಲಿಯೇ ಕೂಲಿಗೆ ಹೋದುದು, ಅರೆಹೊಟ್ಟೆಯಲ್ಲಿ ಮಲಗಿದುದು, ಎಷ್ಟು ದುಡಿದರೂ ಸ್ವಂತ ಭೂಮಿಯ ಆಸೆಯಿಲ್ಲದುದು. ಆದರೆ ಓದುವವರನ್ನು ಬೆಚ್ಚಿಬೀಳಿಸಿದ ಮಾತು ಬೇರೆ. ಬಡತನವನ್ನಾದರೂ ಸಹಿಸಿಕೊಂಡೇವು, ತಾತ್ಸಾರವನ್ನು ಸಹಿಸಲಾರದೆ ಹೋದೆವೆಂಬ ಭಾವವು ಪತ್ರದಿಂದ ಪತ್ರಕ್ಕೆ ಕಾಣಿಸಿತು. ಒಡೆಯನ ಮುಂದೆ ಟೊಪ್ಪಿಗೆ ತೆಗೆದು ನಿಲ್ಲಬೇಕು. ಅಧಿಕಾರಿಯ ಮುಂದೆ ಮೈ ಕುಗ್ಗಿಸಿ ಮಾತಾಡಬೇಕು. ಪಾದ್ರಿಯ ಮುಂದೆ ಉಸಿರೆತ್ತಬಾರದು. ಅಮೆರಿಕದಲ್ಲಿ ಕೆಲಸವು ಇದಕ್ಕಿಂತ ಕಠಿಣವಾದರೂ, ಕೆಲಸಗಾರನನ್ನು ಮನುಷ್ಯನೆಂದು ಮಾತಾಡಿಸುತ್ತಾರೆ ಎಂಬುದು ಅವರ ಅನುಭವವಾಗಿತ್ತು.

ಇದಕ್ಕೆ ಕಾನೂನಿನ ಬೆಂಬಲವೂ ಇತ್ತು. ೧೮೩೩ರ ಆಳುಗಳ ಕಟ್ಟಳೆಯಂತೆ ಕೆಲಸದಾಳು ಒಂದು ವರ್ಷದ ಕರಾರಿನಿಂದ ಒಡೆಯನಿಗೆ ಕಟ್ಟುಬಿದ್ದವನು. ಆ ಕಟ್ಟಳೆಯು ಪೂರ್ಣವಾಗಿ ರದ್ದಾದುದು ೧೯೨೬ರಲ್ಲಿ. ಹಣಕ್ಕೆ ಬದಲಾಗಿ ಬಹುಪಾಲು ಧಾನ್ಯರೂಪದಲ್ಲಿಯೇ ಕೂಲಿ ಪಡೆಯುತ್ತಿದ್ದ ಜಮೀನುಗಳ ಆಳುಗಳ ಪದ್ಧತಿಯು ೧೯೪೫ರವರೆಗೂ ಉಳಿದಿತ್ತು. ಮತದ ಹಕ್ಕು ಆಸ್ತಿಗೂ ಆದಾಯಕ್ಕೂ ಅಂಟಿಕೊಂಡಿತ್ತು. ಸ್ಥಳೀಯ ಚುನಾವಣೆಗಳಲ್ಲಿ ಹೆಚ್ಚು ತೆರಿಗೆ ಕೊಡುವವನಿಗೆ ಹೆಚ್ಚು ಮತ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವು ಡಜನ್ ಗ್ರಾಮಗಳಲ್ಲಿ ಒಬ್ಬ ಶ್ರೀಮಂತನ ಮತಗಳೇ ಉಳಿದೆಲ್ಲರ ಮತಗಳಿಗಿಂತ ಹೆಚ್ಚಾಗಿದ್ದವು. ಮತವಿಲ್ಲದ ಈ ಬಡವನ ಮಗನೇ ೧೯೦೧ರ ಕಾನೂನಿನಂತೆ ಕಡ್ಡಾಯವಾಗಿ ಸೇನೆಯಲ್ಲಿ ದುಡಿಯಬೇಕು. ಹಕ್ಕಿನಲ್ಲಿ ಪಾಲಿಲ್ಲದವನಿಗೆ ಹೊಣೆಯಲ್ಲಿ ಮಾತ್ರ ಪಾಲು ಕೊಟ್ಟರೆ ಅವನು ಹಡಗು ಹತ್ತದೆ ಏನು ಮಾಡಿಯಾನು?

ಸುಂಡ್‌ಬೆರ್ಗರ ಆಯೋಗವು ವಲಸೆಯನ್ನು ನಿಷೇಧಿಸುವ ದಾರಿಯನ್ನು ಹಿಡಿಯಲಿಲ್ಲ. ಬಿಟ್ಟುಹೋಗುವ ಬಾಗಿಲಿಗೆ ಬೀಗ ಹಾಕುವುದನ್ನು ಕೈಬಿಟ್ಟು, ಉಳಿಯುವ ಮನೆಯನ್ನು ದುರಸ್ತಿ ಮಾಡಬೇಕೆಂಬುದೇ ಅದರ ಇಂಗಿತವಾಗಿತ್ತು. ಭೂಮಿಯಿಲ್ಲದವನಿಗೆ ಭೂಮಿ, ವಸತಿ, ಉದ್ಯೋಗಗಳ ಅಭಿವೃದ್ಧಿ, ಶಿಕ್ಷಣ, ವಿಶಾಲವಾದ ಮತದಾನದ ಹಕ್ಕು ಇವುಗಳ ಕಡೆಗೆ ಅದು ಬೆರಳು ತೋರಿಸಿತು. ಇವುಗಳಲ್ಲಿ ಕೆಲವು ಆ ವೇಳೆಗೆ ಪ್ರಾರಂಭವಾಗಿಯೂ ಇದ್ದವು. ಸಣ್ಣ ಹಿಡುವಳಿಯನ್ನೂ ಸ್ವಂತ ಮನೆಯನ್ನೂ ಮಾಡಿಕೊಳ್ಳಲು ಸರಕಾರಿ ಸಾಲವು ೧೯೦೪ರಿಂದ ದೊರೆಯತೊಡಗಿತ್ತು. ೧೯೦೯ರಲ್ಲಿ ಗಂಡಸರ ಮತದಾನದ ಸುಧಾರಣೆಯು ಕಾಯಂ ಆಯಿತು. ೧೯೨೧ರ ಚುನಾವಣೆಯಲ್ಲಿ ಹೆಂಗಸರೂ ಮತ ಹಾಕಿದರು. ವರದಿಯು ಮುಗಿದ ೧೯೧೩ರಲ್ಲಿಯೇ ಎಲ್ಲ ವರ್ಗದ ಪ್ರಜೆಗಳನ್ನೂ ಒಳಗೊಂಡ ವೃದ್ಧಾಪ್ಯವೇತನದ ಕಾಯಿದೆಯು ಅಂಗೀಕಾರವಾಯಿತು. ೧೯೩೦ರ ದಶಕದಲ್ಲಿ ಪ್ರವಾಹವು ತಿರುಗಿತು: ಹೋಗುವವರಿಗಿಂತ ಬರುವವರು ಹೆಚ್ಚಾದರು.

ಇದೆಲ್ಲವೂ ಒಂದು ವರದಿಯ ಮಹಿಮೆಯೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅಮೆರಿಕವು ೧೯೨೪ರ ಕಾನೂನಿನಿಂದ ತನ್ನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ೧೯೨೯ರ ತರುವಾಯ ಅಲ್ಲಿಯೂ ಕೆಲಸವಿಲ್ಲದಂತಾಯಿತು. ಕಬ್ಬಿಣ, ಕಟ್ಟಿಗೆ, ಜಲವಿದ್ಯುತ್ತುಗಳಿಂದ ಸ್ವೀಡನ್ನಿನ ಉದ್ಯಮವು ಬೆಳೆಯಿತು. ಎರಡು ಮಹಾಯುದ್ಧಗಳಿಂದಲೂ ಅದು ದೂರ ಉಳಿಯಿತು. ಹೋದವರಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಮರಳಿ ಬಂದರು. ಅವರು ತಂದ ಹಣಕ್ಕಿಂತ ಅವರು ತಂದ ನಡೆನುಡಿಯ ಸ್ವಾತಂತ್ರ್ಯವೇ ಹಳ್ಳಿಗಳನ್ನು ಹೆಚ್ಚಾಗಿ ಬದಲಾಯಿಸಿತೆನ್ನಬಹುದು. ಕಾರಣಗಳು ಹಲವಿದ್ದರೂ ಒಂದು ಮಾತು ಮಾತ್ರ ಸ್ಥಿರವಾಗಿ ನಿಲ್ಲುತ್ತದೆ. ಇಂದು ನಮ್ಮವರು ಹೋಗಲು ಹಾತೊರೆಯುವ ನಾಡುಗಳಲ್ಲಿ ಕೆಲವಾದರೂ ನಿನ್ನೆ ಜನರು ಬಿಟ್ಟುಹೋಗುತ್ತಿದ್ದ ನಾಡುಗಳು. ೧೮೪೫ರ ಆಲೂಗಡ್ಡೆಯ ರೋಗದಿಂದಾದ ಕ್ಷಾಮದಲ್ಲಿ ಐರ್ಲೆಂಡು ಹತ್ತು ಲಕ್ಷ ಜನರನ್ನು ಸಾವಿಗೆ ಕೊಟ್ಟಿತು, ಇನ್ನೂ ಹತ್ತು ಲಕ್ಷವನ್ನು ಮೀರಿದ ಜನರನ್ನು ಹಡಗುಗಳಿಗೆ ಕೊಟ್ಟಿತು. ಜಪಾನಿನ ರೈತರು ೧೯೦೮ರಲ್ಲಿ ಬ್ರೆಜಿಲ್ಲಿನ ಕಾಫಿತೋಟಗಳಿಗೆ ಹೊರಟರು. ಸುಖದ ನಾಡು ಎಂಬುದು ಭೂಪಟದಲ್ಲಿ ಮೊದಲೇ ಬರೆದಿಟ್ಟ ಸ್ಥಳವಲ್ಲ. ಉಳಿದವರೂ ಮರಳಿದವರೂ ತಮ್ಮ ನಾಡಿನೊಡನೆ ಜಗಳವಾಡಿ ಜಗಳವಾಡಿ ಅದನ್ನು ಹಾಗೆ ಮಾಡಿದರು.

ನಮ್ಮ ಲೆಕ್ಕ

ಈಗ ನಮ್ಮ ಕಡೆಗೆ ತಿರುಗೋಣ. ಸ್ವೀಡನ್ನಿನಿಂದ ಹೋದವರು ಬಹುಮಟ್ಟಿಗೆ ಭೂಮಿಯಿಲ್ಲದ ಬಡವರು. ನಮ್ಮಲ್ಲಿ ಪೌರತ್ವವನ್ನು ಬಿಡುವವರು ಹೆಚ್ಚಾಗಿ ಓದಿದವರು. ನಮ್ಮ ಬಡವರೂ ಹೋಗುತ್ತಾರೆ. ಆದರೆ ಅವರು ಹೋಗುವ ಕೊಲ್ಲಿಯ ರಾಜ್ಯಗಳಲ್ಲಿ ಎಷ್ಟು ವರ್ಷ ದುಡಿದರೂ ಪೌರತ್ವವು ದೊರೆಯುವುದು ಬಹು ದುರ್ಲಭ. ಇನ್ನೂ ಬಡವರು ಪಾಸ್‌ಪೋರ್ಟಿನ ಹೆಸರನ್ನೇ ಕೇಳದೆ ಹೋಗುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕುವ ಕುಟುಂಬಗಳಿಗೆ ಬೆಂಗಳೂರೇ ಪರದೇಶ. ‘ಇಲ್ಲಿ ಇದ್ದು ಫಲವೇನು, ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಅದು ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಕಲ್ಯಾಣ ಕರ್ನಾಟಕದ ಕನ್ನಡದಲ್ಲಿ ಕೇಳಿದರೆ ಅದು ಬಸ್ಸಿನ ಸದ್ದಿನಲ್ಲಿ ಅಡಗಿಹೋಗುತ್ತದೆ. ಪ್ರಶ್ನೆಯು ಮಾತ್ರ ಒಂದೇ.

ನಮ್ಮಲ್ಲಿ ವಿಚಾರಣೆಗಳೇ ನಡೆದಿಲ್ಲವೆಂದಲ್ಲ. ಪ್ರಾದೇಶಿಕ ಅಸಮಾನತೆಯನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿಯಿತ್ತು, ರಾಜ್ಯದ ಅಂದಿನ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದವೆಂದೂ ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಅದು ಮಹತ್ವದ ಕಾರ್ಯ. ಆದರೆ ಅದರ ಕೆಲಸವು ತಾಲ್ಲೂಕುಗಳನ್ನು ಅಳೆಯುವುದಾಗಿತ್ತು. ಊರು ಬಿಟ್ಟವನನ್ನೇ ಕೂರಿಸಿಕೊಂಡು, ‘ಅಪ್ಪಾ, ನಿನ್ನನ್ನು ಹೊರಡಿಸಿದ ಕೊನೆಯ ಕಾರಣ ಯಾವುದು?’ ಎಂದು ಕೇಳುವ ಕೆಲಸವು ಇನ್ನೂ ಉಳಿದೇ ಇದೆ. ಕೇಳಿದರೆ ಉತ್ತರವು ಸಂಬಳದ ಬಳಿಗೇ ನಿಲ್ಲದೆಂದು ಸ್ವೀಡನ್ನಿನ ಪತ್ರಗಳು ನಮಗೆ ಎಚ್ಚರಿಸುತ್ತವೆ. ಹೊರದೇಶದಿಂದ ರಜೆಗೆ ಬಂದ ಕನ್ನಡಿಗರ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಇದು ಗೊತ್ತಿರುವ ವಿಷಯ. ಅವರು ಮೊದಲು ಸಂಬಳವನ್ನು ಹೇಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, ಅಲ್ಲಿ ಚಾಲನೆಯ ಪರವಾನಗಿ ಪಡೆಯಲು ಯಾರ ಕಾಲನ್ನೂ ಹಿಡಿಯಬೇಕಾಗಿಲ್ಲವೆಂದು ಹೇಳುತ್ತಾರೆ. ಇನ್ನೂ ಹೊತ್ತಾದ ಮೇಲೆ, ಅಲ್ಲಿ ಯಾರೂ ಜಾತಿಯನ್ನು ಕೇಳಿ ಮನೆ ಬಾಡಿಗೆ ಕೊಡುವುದಿಲ್ಲವೆಂದು ಹೇಳುತ್ತಾರೆ. ಮೊದಲನೆಯ ಉತ್ತರವನ್ನು ಅರ್ಥಶಾಸ್ತ್ರವು ಸರಿಪಡಿಸಬೇಕು. ಎರಡನೆಯದನ್ನೂ ಮೂರನೆಯದನ್ನೂ ನಾವೇ ಸರಿಪಡಿಸಬೇಕು. ಅದಕ್ಕೆ ಬೊಕ್ಕಸದ ಹಣವೂ ಹೆಚ್ಚಾಗಿ ಬೇಕಾಗಿಲ್ಲ.

ಆದುದರಿಂದ ನಮ್ಮದೊಂದು ಸೂಚನೆಯಿದೆ. ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಲ್ಲಿ ಪಾಸ್‌ಪೋರ್ಟನ್ನು ಒಪ್ಪಿಸಲು ಬರುವವನಿಗೆ ಒಂದು ಹಾಳೆಯನ್ನು ಕೊಡಲಿ. ಹೆಸರಿನ ಅಗತ್ಯವಿಲ್ಲ, ಬಲವಂತವೂ ಬೇಡ. ನೀವು ಹೋದುದೇಕೆ, ಏನಿದ್ದರೆ ಉಳಿಯುತ್ತಿದ್ದಿರಿ, ಏನಾದರೆ ಮರಳುವಿರಿ ಎಂಬ ಮೂರೇ ಪ್ರಶ್ನೆಗಳಿರಲಿ. ಕರ್ನಾಟಕ ಸರಕಾರವು ಅನಿವಾಸಿ ಭಾರತೀಯ ಸಮಿತಿಯ ಮೂಲಕವೂ ಹೊರನಾಡಿನ ಕನ್ನಡ ಸಂಘಗಳ ಮೂಲಕವೂ ಇದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲಿ. ಗುಳೆ ಹೊರಡುವ ಬಸ್‌ನಿಲ್ದಾಣಗಳಲ್ಲಿಯೂ, ಬೆಂಗಳೂರಿನ ಕೂಲಿಕಾರರ ಗುಡಿಸಲುಗಳಲ್ಲಿಯೂ ಅದೇ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಲಿ. ಬಂದ ಉತ್ತರಗಳನ್ನು ಕಡತದಲ್ಲಿ ಮುಚ್ಚಿಡದೆ ಅಚ್ಚು ಮಾಡಲಿ. ಸಂತೋಷದ ಸಮ್ಮೇಳನಗಳಿಗೆ ನಾವು ಮಾಡುವ ಖರ್ಚಿನ ಒಂದಂಶದಲ್ಲಿ ಈ ಕೆಲಸವು ಮುಗಿಯುತ್ತದೆ.

ಹೋಗುವವರಿಗೆ, ಉಳಿಯುವವರಿಗೆ

ಹೋಗುವ ತರುಣರಿಗೂ ನಾವು ಒಂದೆರಡು ಮಾತು ಹೇಳಬೇಕು. ದೇಶ ಸುತ್ತು ಕೋಶ ಓದು ಎಂದ ನಾಡು ನಿಮ್ಮನ್ನು ತಡೆಯಲಾರದು. ಆದರೆ ದೂರದ ಬೆಟ್ಟ ನುಣ್ಣಗೆ ಎಂಬುದೂ ನಮ್ಮವರದೇ ಮಾತು. ೧೯೨೩ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನು ಪೌರತ್ವಕ್ಕೆ ಅರ್ಹನಲ್ಲವೆಂದು ತೀರ್ಪಿತ್ತಿತು. ಅವನು ಮೊದಲ ಮಹಾಯುದ್ಧದಲ್ಲಿ ಆ ದೇಶದ ಸೇನೆಯಲ್ಲಿದ್ದವನು. ೧೯೭೨ರಲ್ಲಿ ಉಗಾಂಡಾದ ಇದಿ ಅಮೀನನು ತಲೆಮಾರುಗಳಿಂದ ಅಲ್ಲಿದ್ದ ಏಷ್ಯದವರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಹೊರಗಟ್ಟಿದನು. ೨೦೨೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-೧ಬಿ ಅರ್ಜಿಗೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಿದರು. ಆತಿಥ್ಯವು ಹಕ್ಕಲ್ಲ, ಅದು ಮನೆಯ ಯಜಮಾನನ ಮನಸ್ಸಿನಂತೆ ಬದಲಾಗುವುದು. ಇದನ್ನರಿತು ಹೋಗಿರಿ. ಹೋದಲ್ಲಿ ನೆಲೆಸುವುದಾದರೆ ಅಲ್ಲಿಯ ಒಳ್ಳೆಯ ಪ್ರಜೆಗಳಾಗಿರಿ. ಎರಡು ದೋಣಿಯಲ್ಲಿ ಕಾಲಿಟ್ಟು ಎರಡನ್ನೂ ಬೈಯುವ ಅಭ್ಯಾಸವು ಬೇಡ. ನಿಮ್ಮಿಂದ ನಾಡು ಹಣಕ್ಕಿಂತ ಹೆಚ್ಚಾಗಿ ಅಪೇಕ್ಷಿಸುವುದು ಸತ್ಯವಾದ ಉತ್ತರವನ್ನು. ಏಕೆ ಹೋದಿರೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ಅದು ನೀವು ಮಾಡಬಹುದಾದ ದೊಡ್ಡ ದೇಶಸೇವೆ.

ಉಳಿದವರ ಹೊಣೆಯು ಇದಕ್ಕಿಂತ ಹೆಚ್ಚಿನದು. ಈ ಪುಟವನ್ನು ಓದುವವರಲ್ಲಿ ಹಲವರು ಅಧಿಕಾರಿಗಳು. ಕಡತಕ್ಕೆ ರುಜು ಹಾಕುವವರು, ಅರ್ಜಿಯನ್ನು ಸ್ವೀಕರಿಸುವವರು. ೨೦೧೧ರ ನಾಗರಿಕ ಸೇವಾ ಖಾತರಿ ಕಾಯಿದೆಯನ್ನು ೨೦೧೨ರಲ್ಲಿ ‘ಸಕಾಲ’ವೆಂಬ ಹೆಸರಿನಿಂದ ರಾಜ್ಯದಲ್ಲೆಲ್ಲ ಜಾರಿಗೆ ತಂದು, ಯಾವ ಕೆಲಸಕ್ಕೆ ಎಷ್ಟು ದಿನವೆಂಬ ಗಡುವನ್ನು ಕರ್ನಾಟಕವು ತನಗೆ ತಾನೇ ವಿಧಿಸಿಕೊಂಡಿದೆ. ಗಡುವು ಕಾಗದದ ಮೇಲಿದೆ. ಮರ್ಯಾದೆಯನ್ನು ಮಾತ್ರ ಯಾವ ಕಾಯಿದೆಯೂ ಬರೆದು ಕೊಡಲಾರದು. ಕಚೇರಿಯ ಕಿಟಕಿಯ ಮುಂದೆ ನಿಂತ ರೈತನನ್ನು ‘ಏ’ ಎಂದು ಕರೆಯುವುದಕ್ಕೂ ‘ಬನ್ನಿ, ಏನು ಆಗಬೇಕು?’ ಎಂದು ಕೇಳುವುದಕ್ಕೂ ಇರುವ ಅಂತರವು, ಒಂದು ನಾಡನ್ನು ಬಿಟ್ಟುಹೋಗುವುದಕ್ಕೂ ಅದರಲ್ಲಿ ಉಳಿಯುವುದಕ್ಕೂ ಇರುವ ಅಂತರವೇ ಆಗಿದೆ. ಆ ರೈತನ ಪಕ್ಕದಲ್ಲಿ ಅವನ ಮಗನು ನಿಂತಿರುತ್ತಾನೆ. ತಂದೆಗಾದ ಅವಮಾನವನ್ನು ಅವನು ಮರೆಯುವುದಿಲ್ಲ. ಹತ್ತು ವರ್ಷಗಳ ತರುವಾಯ ಅವನು ವಿಮಾನ ಹತ್ತಿದಾಗ, ಅವನ ಪ್ರಯಾಣವು ವಿಮಾನನಿಲ್ದಾಣದಲ್ಲಿ ಮೊದಲಾಯಿತೆಂದು ನಾವು ತಿಳಿದುಕೊಳ್ಳುತ್ತೇವೆ. ಅದು ಮೊದಲಾದುದು ತಾಲ್ಲೂಕು ಕಚೇರಿಯ ಆ ಕಿಟಕಿಯಲ್ಲಿ.

ಬೇಸರವು ದೇಶಭಕ್ತಿಯ ಶತ್ರುವಲ್ಲ. ಪರಾಧೀನ ಭಾರತದ ಸ್ಥಿತಿಗೆ ಬೇಸರಗೊಂಡವರೇ ಅದನ್ನು ಸ್ವಾಧೀನಗೊಳಿಸಿದರು. ಐದಾರು ಆಡಳಿತಗಳಲ್ಲಿ ಹರಿದುಹಂಚಿದ್ದ ಕನ್ನಡನಾಡಿನ ಸ್ಥಿತಿಗೆ ಬೇಸರಗೊಂಡವರೇ ೧೯೫೬ರ ನವೆಂಬರ್ ೧ರಂದು ಅದನ್ನು ಒಂದುಗೂಡಿಸಿದರು. ಅವರಿಗೂ ಬೇರೆಡೆಗೆ ಹೋಗುವ ದಾರಿಗಳಿದ್ದವು. ತಮ್ಮ ಬೇಸರವನ್ನು ಅವರು ಅರ್ಜಿಯಾಗಿ, ಸಭೆಯಾಗಿ, ಪತ್ರಿಕೆಯಾಗಿ, ಸತ್ಯಾಗ್ರಹವಾಗಿ ಮಾರ್ಪಡಿಸಿಕೊಂಡರು. ಇಂದಿನ ಬೇಸರವನ್ನು ಹಾಗೆ ಮಾರ್ಪಡಿಸಬೇಕಾದರೆ ಮೊದಲು ಅದನ್ನು ಕೇಳುವ ಕಿವಿಗಳು ಬೇಕು. ಬಿಟ್ಟುಹೋದವರನ್ನು ಬೈಯುವುದನ್ನೂ ಹೊಗಳುವುದನ್ನೂ ಸ್ವಲ್ಪ ಕಾಲ ನಿಲ್ಲಿಸಿ, ಅವರನ್ನು ಒಮ್ಮೆ ಕೇಳೋಣ. ಕೇಳಿದುದನ್ನು ಅಚ್ಚು ಮಾಡೋಣ. ಅಚ್ಚಾದುದನ್ನು ಓದಿ, ನಮ್ಮ ನಮ್ಮ ಕಿಟಕಿಗಳಲ್ಲಿ ತಿದ್ದಿಕೊಳ್ಳೋಣ.